ಅಣ್ಣ ಬೋಟಿನ ಕೋಲು

ಬೆಳಿಗ್ಗೆ ಚಹಾ ಕುಡಿಯುವ ಮೊದಲು ಮಲ್ಲಿನಾಥ ಒಂದು ಕೋಲನ್ನು ತೊಳೆಯುತ್ತಿದ್ದರು.

ಮಲ್ಪೆಯಲ್ಲಿ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯ ಹಿಂದೆ, ಐಸ್ ಪ್ಲಾಂಟಿನ ಗೋಡೆಗೆ ಒರಗಿಕೊಂಡ ಒಂದೇ ಕೋಣೆ ಅವರ ಮನೆ. ಬಾಗಿಲ ಹೊರಗೆ ನಲ್ಲಿ, ನಲ್ಲಿಯ ಬುಡದಲ್ಲಿ ಒಂದು ಒರಟು ಕಪ್ಪು ಕಲ್ಲು. ಮುಖ ತೊಳೆದ ಕೂಡಲೇ ಅವರು ಮೂಲೆಯಿಂದ ಕೆಂಪು ಬಟ್ಟೆಯ ಚೂರು ಕಟ್ಟಿದ ಕೋಲನ್ನು ತರುತ್ತಿದ್ದರು. ಸಾಗುವಾನಿಯ ರೀಪು, ಎಂದರೆ ತೆಳು ಪಟ್ಟಿ; ನಿಲ್ಲಿಸಿದರೆ ಅವರ ಎದೆಯವರೆಗೆ ಬರುತ್ತಿತ್ತು. ಅದರ ಬುಡದಲ್ಲಿ ಡೀಸೆಲಿನ ಕಪ್ಪು ಮಡ್ಡಿ ಹಿಡಿದಿರುತ್ತಿತ್ತು. ಅದನ್ನು ಕಲ್ಲಿಗೆ ಗಸಗಸ ಉಜ್ಜಿ, ನೀರು ಬಿಟ್ಟು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸುತ್ತಿದ್ದರು. ಆಮೇಲೆ ವಿಭೂತಿಯ ಗಟ್ಟಿಯನ್ನು ತೇಯ್ದು ಹಣೆಗೆ ಮೂರು ಬೆರಳು ಎಳೆದುಕೊಂಡು, ಬೆರಳಲ್ಲಿ ಉಳಿದ ಬೂದಿಯನ್ನು ಕೋಲಿನ ಮೈಗೆ ಮೇಲಿನಿಂದ ಕೆಳಗೆ ಸವರುತ್ತಿದ್ದರು.

ಬೂದಿ ಸವರುವುದಕ್ಕೆ ಭಕ್ತಿಯ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಅದು ಬೋಟಿನ ಟಾಂಕಿಯಲ್ಲಿ ಡೀಸೆಲ್ ಎಷ್ಟಿದೆ ಎಂದು ಅಳೆಯುವ ಕೋಲು. ಡೀಸೆಲ್ ನೀರಿನ ಹಾಗೆ ತೆಳ್ಳಗೆ. ಬರಿಯ ಮರದ ಮೇಲೆ ಅದರ ಒದ್ದೆ ಎಲ್ಲಿಗೆ ನಿಂತಿತೆಂದು ಬೇಗ ಕಾಣುವುದಿಲ್ಲ. ಬೂದಿ ಬಳಿದಿದ್ದರೆ ಒದ್ದೆಯಾದಷ್ಟು ಭಾಗ ಕಪ್ಪಾಗಿ, ಗೆರೆ ಎಳೆದ ಹಾಗೆ ಕಾಣುತ್ತದೆ. ಬೇರೆಯವರು ಸೀಮೆಸುಣ್ಣ ಉಜ್ಜುತ್ತಾರೆ. ಮಲ್ಲಿನಾಥರಿಗೆ ಒಂದೇ ಬೂದಿ ಹಣೆಗೂ ಕೋಲಿಗೂ ಆಗುತ್ತಿತ್ತು.

ಬೋಟಿಗೆ ಹೋಗಿ, ಡೀಸೆಲ್ ಟಾಂಕಿಯ ಮುಚ್ಚಳ ತಿರುಗಿಸಿ, ಕೋಲನ್ನು ನೇರ ಕೆಳಗಿಳಿಸಿ, ತಳಕ್ಕೆ ಮೂರು ಸಲ ಕುಟ್ಟಿ, "ಶಿವಾ" ಎಂದು ಮೇಲೆತ್ತುತ್ತಿದ್ದರು. ಬೋಟು ಕಡಲಿನಲ್ಲಿದ್ದ ದಿನವೂ ಕೋಲಿಗೆ ರಜೆ ಇರಲಿಲ್ಲ. ಆ ದಿನ ನಲ್ಲಿಯ ಕಲ್ಲಿನ ಮೇಲೆಯೇ ಮೂರು ಸಲ ಕುಟ್ಟಿ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಆಮೇಲೆಯೇ ಚಹಾ.

ಬೋಟುಗಳ ಇಂಜಿನ್ ಕೋಣೆಯಲ್ಲಿ ಡೀಸೆಲ್ ತೋರಿಸುವ ಗಾಜಿನ ಕೊಳವೆ ಇರುತ್ತದೆ. ಎರಡು ವರ್ಷಕ್ಕೆ ಅದು ಮಡ್ಡಿ ಹಿಡಿದು ಕುರುಡಾಗುತ್ತದೆ. ಕರೆಂಟಿನ ಮೀಟರು ಹಾಕಿಸಿದವರೂ ಇದ್ದಾರೆ. ಉಪ್ಪುಗಾಳಿಗೆ ಅದರ ಆಯುಸ್ಸು ಇನ್ನೂ ಕಡಿಮೆ. ಕೊನೆಗೆ ಎಲ್ಲರೂ ನಂಬುವುದು ಕೋಲನ್ನೇ. ಒಂದೊಂದು ಟಾಂಕಿಯ ಅಗಲ ಒಂದೊಂದು ತರಹ ಇರುವುದರಿಂದ ಒಂದು ಬೋಟಿನ ಕೋಲು ಇನ್ನೊಂದಕ್ಕೆ ಆಗುವುದಿಲ್ಲ. ಹನ್ನೊಂದು ಬೋಟುಗಳ ಕೋಲುಗಳು ಮಲ್ಲಿನಾಥರ ಕೋಣೆಯ ಮೂಲೆಯಲ್ಲಿ ನಿಂತಿದ್ದವು. ಕೆಂಪು ಬಟ್ಟೆಯದು ವಿಠಲಣ್ಣನ ದೊಡ್ಡ ಬೋಟಿನದು. ವಿಠಲಣ್ಣ ಅಂಬಲಪಾಡಿಯವರು, ಬೋಟಿನ ಮಾಲಿಕರು. ತಾಂಡೇಲರಾಗಿ ಅದನ್ನು ಕಡಲಿಗೆ ಕೊಂಡೊಯ್ಯುವವರೂ ಅವರೇ. ಅವರಿಗೆ ಒಂದೇ ಅಳತೆಯ ಎರಡು ಬೋಟುಗಳಿದ್ದವು. ದಕ್ಕೆಯವರು ಒಂದನ್ನು ಅಣ್ಣ, ಇನ್ನೊಂದನ್ನು ತಮ್ಮ ಎಂದು ಕರೆಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ ವೆಲ್ಡಿಂಗ್ ಅಂಗಡಿಯ ಸಯೀದ್ ಎರಡಕ್ಕೂ ಜೋಡಿ ಟಾಂಕಿ ಮಾಡಿಕೊಟ್ಟ ದಿನ ಮಲ್ಲಿನಾಥ ಒಂದೇ ರೀಪಿನಿಂದ ಎರಡು ಕೋಲು ಕತ್ತರಿಸಿ, ತಳದ ಮಡ್ಡಿಗೆಂದು ಮೂರು ಬೆರಳು ಬಿಟ್ಟು, ಅಲ್ಲಿಂದ ಮೇಲೆ ಕ್ಯಾನಿನಿಂದ ಡೀಸೆಲ್ ಸುರಿಯುತ್ತಾ ಗೆರೆ ಕೊರೆದಿದ್ದರು. ಒಂದು ಗೆರೆಗೂ ಇನ್ನೊಂದಕ್ಕೂ ನಡುವೆ ಒಂದು ಬೆರಳಿನ ಅಗಲ. ಒಂದು ಗೆರೆ ಎಂದರೆ ಎರಡು ಕ್ಯಾನು. ಅಣ್ಣನ ಕೋಲಿಗೆ ಕೆಂಪು, ತಮ್ಮನ ಕೋಲಿಗೆ ಹಸಿರು ಬಟ್ಟೆ ಕಟ್ಟಿದವಳು ಮಲ್ಲಿನಾಥರ ಹೆಂಡತಿ ರತ್ನವ್ವ. ಅವಳು ಮೊದಲು ಕಟ್ಟಿದ ಅಣ್ಣನ ಕೋಲನ್ನು ಮಾತ್ರ ದಿನವೂ ಕಲ್ಲಿಗೆ ಉಜ್ಜುತ್ತಿದ್ದರು; ಬೇರೆಯವನ್ನು ಅಳೆಯುವ ದಿನ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಮಲ್ಲಿನಾಥ ಸಿಂದಗಿಯ ಕಡೆಯವರು. ಮದುವೆಯಾದ ವರ್ಷವೇ ಗಂಡ ಹೆಂಡತಿ ಮಣಿಪಾಲಕ್ಕೆ ಬಂದು ಕಟ್ಟಡದ ಕೆಲಸಕ್ಕೆ ಸೇರಿದ್ದರು. ಅಲ್ಲಿಂದ ನಿಟ್ಟೆಗೆ, ಹಾಸ್ಟೆಲ್ ಕಟ್ಟುವಲ್ಲಿಗೆ. ಅಲ್ಲಿ ಮೂರನೆಯ ಮಹಡಿಯ ಸಾರುವೆಯಿಂದ ಬಿದ್ದು ಅವರ ಮೊಣಕಾಲು ಮುರಿಯಿತು. ಕಲ್ಲು ಹೊರಲು ಆಗದ ಮೇಲೆ ಯಾರೋ ಹೇಳಿ ಐಸ್ ಪ್ಲಾಂಟಿಗೆ ಕಾವಲಿಗೆ ಕಳುಹಿಸಿದರು. ದಕ್ಕೆಯಲ್ಲಿ ಅವರಿಗೆ ನೆಂಟರಿರಲಿಲ್ಲ, ಜಾತಿಯವರಿರಲಿಲ್ಲ. ಯಾವ ಬೋಟಿನ ಪರವೂ ಅಲ್ಲದ ಮನುಷ್ಯ. ಅದಕ್ಕೇ ಮಾಲಿಕರು ಅಳತೆಯ ಕೆಲಸವನ್ನು ಅವರಿಗೆ ಕೊಟ್ಟರು. ಯಾರೂ ಇಲ್ಲದ್ದೇ ಅವರಿಗೆ ಯೋಗ್ಯತೆಯಾಯಿತು.

ಮಕ್ಕಳಾಗಲಿಲ್ಲ. ಎಂಟು ವರ್ಷದ ಹಿಂದೆ, ಕೋಲಿಗೆ ಬಟ್ಟೆ ಕಟ್ಟಿದ ಮರುವರ್ಷ, ರತ್ನವ್ವ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಳು.

ಆಮೇಲೆ ದಿನಗಳು ಉದ್ದವಾದವು. ಬೋಟು ಹೊರಡುವ ದಿನ ದಕ್ಕೆಯಲ್ಲಿ ಕೂಗಾಟ, ಐಸಿನ ಪುಡಿ, ಹಗ್ಗ ಎಳೆಯುವ ಸದ್ದು. ಮಲ್ಲಿನಾಥ ಅಳೆದು ಹೇಳಿದ ಮೇಲೆ ಬೋಟು ಹೋಗುತ್ತದೆ, ಹತ್ತು ದಿನ ಬರುವುದಿಲ್ಲ. ಬಂದವರೂ ಅವರನ್ನು ಕೇಳುವುದು ಒಂದೇ ಪ್ರಶ್ನೆ, "ಎಷ್ಟು ಉಂಟು?" ಅವರು ಹೇಳುವುದು ಒಂದೇ ಉತ್ತರ, ಒಂದು ಸಂಖ್ಯೆ. ಬೋಟಿನ ಆಳುಗಳು ಒಟ್ಟಿಗೆ ಕುಳಿತು ಉಣ್ಣುವಾಗ ಮೀನು ತಿನ್ನದ ಇವರು ದೂರ ಕೂರುತ್ತಿದ್ದರು. ಕರೆಯುವವರು ಮೊದಮೊದಲು ಕರೆದರು; ಆಮೇಲೆ, ಬರುವುದಿಲ್ಲವಲ್ಲ ಎಂದು ಬಿಟ್ಟರು. ವಾರಗಟ್ಟಲೆ ಅವರು ಪೂರ್ತಿ ಮಾತಾಡಿದ್ದು ದೇವರ ಹತ್ತಿರ ಮಾತ್ರ.

ಲಿಗೋರಿ ಒಬ್ಬ ಇದ್ದ. ಅಣ್ಣ ಬೋಟಿನ ಇಂಜಿನ್ ಡ್ರೈವರ್, ಕಾಪುವಿನವನು, ಮೂವತ್ತೆಂಟರ ಪ್ರಾಯ, ಮದುವೆಯಾಗಿಲ್ಲ. ಮಲ್ಲಿನಾಥ ಮುಚ್ಚಳ ತೆಗೆಯುವಾಗ ಟಾರ್ಚ್ ಹಿಡಿಯುತ್ತಿದ್ದವನು ಅವನೇ.

"ಏನು ಮಲ್ಲಣ್ಣ, ಟಾಂಕಿಗೂ ಲಿಂಗದೀಕ್ಷೆ ಆಯ್ತಾ?"

"ನಿನಗೂ ಕೊಡಲೇನು? ತಲಿ ಬಗ್ಗಿಸು."

"ಬೇಡ ಮಾರಾಯ್ರೆ, ನಮ್ಮ ಫಾದರ್ ಆಮೇಲೆ ನನ್ನನ್ನು ಇಗರ್ಜಿಯ ಹೊರಗೆ ನಿಲ್ಲಿಸ್ತಾರೆ."

ಮಲ್ಲಿನಾಥ ಗೆರೆಗಳನ್ನು ಎಣಿಸುವಾಗ ಒಂದು ಎನ್ನುತ್ತಿರಲಿಲ್ಲ. ಅವರ ಊರಿನಲ್ಲಿ ಜೋಳ ಅಳೆಯುವವರು ಮೊದಲನೆಯ ಅಳತೆಗೆ 'ಲಾಭ' ಎನ್ನುತ್ತಾರೆ, ಆಮೇಲೆ ಎರಡು, ಮೂರು. ಲಿಗೋರಿ ಅದನ್ನೇ ಕಲಿತು ದೂರದಿಂದಲೇ "ಲಾಭ, ಎರಡು, ಮೂರು" ಎಂದು ಕೂಗುತ್ತಾ ಬರುತ್ತಿದ್ದ. ಬರುವಾಗ ಅವನ ತಾಯಿ ಹಾಕಿದ ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತರುತ್ತಿದ್ದ. "ಮೀನಿನ ಚಮಚ ಮುಟ್ಟಿಸಲಿಲ್ಲವಂತೆ, ಅಮ್ಮ ಆಣೆ ಹಾಕಿ ಹೇಳಿದ್ದಾರೆ" ಎನ್ನುತ್ತಿದ್ದ. ಐಸ್ ಪ್ಲಾಂಟಿನ ಕಟ್ಟೆಯ ಮೇಲೆ ಕುಳಿತು ಇವನು ತನ್ನ ಬುತ್ತಿಯನ್ನು, ಅವರು ತಮ್ಮ ರೊಟ್ಟಿಯನ್ನು ತಿನ್ನುತ್ತಿದ್ದರು. ವರ್ಷದಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಊಟ. ಆ ಇಪ್ಪತ್ತೈದು ಊಟಗಳ ಮೇಲೆ ಮಲ್ಲಿನಾಥರ ವರ್ಷ ನಿಂತಿತ್ತು.

ಕಳೆದ ಮೇ ತಿಂಗಳ ಮಧ್ಯದಲ್ಲಿ ಅಣ್ಣ ಬೋಟು ಆ ವರ್ಷದ ಕೊನೆಯ ಸಲ ಕಡಲಿಗೆ ಹೋಯಿತು. ಹೋಗುವ ಮೊದಲು ಟಾಂಕಿಯಲ್ಲಿ ಹಳೆಯದು ಎಷ್ಟು ಉಳಿದಿದೆ ಎಂದು ಮಲ್ಲಿನಾಥ ಅಳೆದರು. ಎಂಟು ಗೆರೆ. ಅದರ ಮೇಲೆ ಹೊಸದನ್ನು ತುಂಬಿಸಿ ವಿಠಲಣ್ಣ ಎಷ್ಟು ಗಂಟೆ ಇಂಜಿನ್ ಓಡಬಹುದೆಂದು ಲೆಕ್ಕ ಹಾಕಿಕೊಂಡರು. ಹತ್ತು ದಿನ ಎಲ್ಲ ಸರಿಯಾಗಿತ್ತು. ಹಿಂದೆ ಬರುವಾಗ ಎದುರುಗಾಳಿ. ಕಾಪುವಿನ ದೀಪಸ್ತಂಭ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಇಂಜಿನ್ ಕೆಮ್ಮಿತು, ಗಾಳಿ ಎಳೆಯಿತು, ನಿಂತಿತು. ಟಾಂಕಿ ಖಾಲಿ. ಐಸ್ ಕರಗಿದ ಬೋಟು ಅರ್ಧ ದಿನ ಅಲೆಯ ಮೇಲೆ ಹೊರಳಾಡಿ, ಕೊನೆಗೆ ಬೇರೆಯವರ ಹಗ್ಗಕ್ಕೆ ಕಟ್ಟಿಸಿಕೊಂಡು ದಕ್ಕೆಗೆ ಬಂತು. ಎಳೆಸಿಕೊಂಡು ಬಂದ ಬೋಟಿಗೆ ದಕ್ಕೆಯಲ್ಲಿ ಮರ್ಯಾದೆ ಇಲ್ಲ.

ವಿಠಲಣ್ಣ ಕೆಳಗಿಳಿಯುವಾಗಲೇ ಕೂಗುತ್ತಿದ್ದರು. "ಎದುರುಗಾಳಿಗೆ ಹೆಚ್ಚು ಖರ್ಚಾದದ್ದನ್ನೂ ಹಿಡಿದೇ ಲೆಕ್ಕ ಹಾಕಿದ್ದೇನೆ. ಆದರೂ ಎರಡು ಕ್ಯಾನು ಕಡಿಮೆ! ಎರಡು ಕ್ಯಾನು ಡೀಸೆಲ್ ಎಲ್ಲಿ ಹೋಯಿತು ಲಿಗೋರಿ?"

"ನಾನು ಕುಡಿದೆನಾ ವಿಠಲಣ್ಣ?"

"ಕುಡಿದರೆ ನಾತವಾದರೂ ಬರ್ತಿತ್ತು. ಮೊನ್ನೆ ರಾತ್ರಿ ಕಡಲಲ್ಲಿ ಬೇರೆಯವರ ಬೋಟು ಪಕ್ಕಕ್ಕೆ ಬಂದಾಗ ನಾನು ಮಲಗಿದ್ದೆ. ನೀನು ಎಚ್ಚರ ಇದ್ದೆ."

"ಬೀಡಿ ಕೇಳಿದರು. ಕೊಟ್ಟೆ."

ಬಲೆ ಹೊರುವವರ ಗುಂಪಿನಿಂದ ಯಾರೋ, "ಬೀಡಿ ಜೊತೆ ಕಡ್ಡಿಪೆಟ್ಟಿಗೆ ಕೊಡ್ತಾರೆ, ಇವನು ಡೀಸೆಲ್ ಕೊಟ್ಟಿದ್ದಾನೆ" ಎಂದರು. "ಕಡಲ ಮಧ್ಯೆ ಪೆಟ್ರೋಲ್ ಬಂಕ್ ಇಟ್ಟಿದ್ದಾನಂತೆ ಮಾರಾಯ" ಎಂದು ಇನ್ನೊಬ್ಬರು. ನಗು ಎದ್ದಿತು. ಲಿಗೋರಿಯೂ ನಗಲು ನೋಡಿದ, ಆಗಲಿಲ್ಲ. ಅವನು ಮಲ್ಲಿನಾಥರ ಕಡೆ ತಿರುಗಿದ.

ವಿಠಲಣ್ಣನೂ ತಿರುಗಿದರು. "ನೀವು ಹೇಳಿ. ನೀವು ಅಳೆದದ್ದು ಎಂಟು ಗೆರೆ, ಹೌದಾ ಅಲ್ವಾ?"

"ಎಂಟು, ಸಾವ್ಕಾರ್ರೆ."

"ತಪ್ಪಿರಬಹುದಾ?"

ಇಡೀ ದಕ್ಕೆ ಕಿವಿ ಕೊಟ್ಟು ನಿಂತಿತ್ತು. ಇಷ್ಟು ಜನ ಒಟ್ಟಿಗೆ ತಮ್ಮ ಮಾತಿಗೆ ಕಾದದ್ದು ಮಲ್ಲಿನಾಥರ ಜೀವನದಲ್ಲಿ ಅದೇ ಮೊದಲು.

"ಕೋಲು ಸುಳ್ಳು ಹೇಳಂಗಿಲ್ರಿ," ಎಂದರು.

ಲಿಗೋರಿ ಒಂದು ಗಳಿಗೆ ಅವರನ್ನೇ ನೋಡಿದ. "ಆಯ್ತು. ಕೋಲು ಹೇಳಿದ ಮೇಲೆ ಮುಗಿಯಿತಲ್ಲ," ಎಂದು ಬೋಟಿನಿಂದ ತನ್ನ ಚೀಲ ಎಳೆದುಕೊಂಡು ಹೋದ. ತಿರುಗಿ ನೋಡಲಿಲ್ಲ.

ಜೂನ್ ಒಂದರಿಂದ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಕಡಲಿಗೆ ಹೋಗುವ ಹಾಗಿಲ್ಲ. ಆಳುಗಳು ಊರಿಗೆ ಹೋದರು. ಬೋಟುಗಳು ಮೈಗೆ ಮೈ ತಾಗಿಸಿಕೊಂಡು, ಟಾರ್ಪಾಲ್ ಹೊದ್ದುಕೊಂಡು ನಿಂತವು. ಮಲ್ಲಿನಾಥರಿಗೆ ಪ್ರತಿವರ್ಷವೂ ಈ ಎರಡು ತಿಂಗಳು ಕಷ್ಟ. ಈ ಸಲ ಉಪ್ಪಿನಕಾಯಿಯ ಬಾಟಲಿಯೂ ಖಾಲಿ. ತೊಳೆದು ಕಿಟಕಿಯಲ್ಲಿಟ್ಟಿದ್ದರು. ಲಿಗೋರಿಯ ಫೋನ್ ನಂಬರು ಅವರ ಮೊಬೈಲಿನಲ್ಲಿತ್ತು. ಎರಡು ಸಲ ಒತ್ತಿದರು. ಎರಡು ಸಲವೂ ಅತ್ತ ಗಂಟೆ ಬಾರಿಸುವ ಮೊದಲೇ ನಿಲ್ಲಿಸಿದರು. ಕೇಳುವುದಾದರೂ ಏನು? ಕದ್ದೆಯಾ ಎಂದೇ, ಊಟಕ್ಕೆ ಬರುತ್ತೀಯಾ ಎಂದೇ?

ಜುಲೈ ಕೊನೆಯಲ್ಲಿ ವಿಠಲಣ್ಣ ಬಂದು, ನಾಲ್ಕು ವರ್ಷದಿಂದ ದಡದ ಮೇಲಿದ್ದ ತಮ್ಮ ಬೋಟನ್ನೂ ಈ ವರ್ಷ ಇಳಿಸುತ್ತೇವೆ, ಅದರ ಕೋಲು ಹುಡುಕಿಡಿ ಎಂದರು. ಹೋಗುವಾಗ, "ಭಾನುವಾರ ಬೆಳಿಗ್ಗೆ ದಕ್ಕೆಯಲ್ಲಿ ಎಲ್ಲ ಬೋಟಿನವರೂ ಸೇರ್ತೇವೆ. ಈ ವರ್ಷದ ಆಳುಗಳನ್ನು ಗೊತ್ತು ಮಾಡಬೇಕು. ಅಣ್ಣನಿಗೆ ಹೊಸ ಡ್ರೈವರ್ ನೋಡಬೇಕು," ಎಂದರು.

"ಲಿಗೋರಿ?"

"ಅವನನ್ನು ಯಾರು ತಗೊಳ್ತಾರೆ? ಮಲ್ಪೆಯಲ್ಲಿ ಬಿಡಿ, ಗಂಗೊಳ್ಳಿಯ ದಕ್ಕೆಗೂ ಸುದ್ದಿ ಮುಟ್ಟಿದೆ. ಈ ಭಾನುವಾರ ಯಾರ ಬೋಟಿಗೂ ಸೇರದಿದ್ದರೆ ಅವನ ಕಡಲು ಮುಗಿದ ಹಾಗೆ."

ಮರುದಿನ ಶನಿವಾರ. ಬೆಳಿಗ್ಗೆ ಎಂದಿನಂತೆ ಕೆಂಪು ಬಟ್ಟೆಯ ಕೋಲು ತೊಳೆದು, ಬೂದಿ ಸವರಿ ಗೋಡೆಗೆ ನಿಲ್ಲಿಸಿದರು. ಆಮೇಲೆ ಅಟ್ಟದಿಂದ ಹಸಿರು ಬಟ್ಟೆಯ ಕೋಲನ್ನು ಇಳಿಸಿ, ಜೇಡನ ಬಲೆ ಒರೆಸಿ, ಪಕ್ಕದಲ್ಲೇ ನಿಲ್ಲಿಸಿದರು.

ಹಸಿರು ಕೋಲು ಉದ್ದವಿತ್ತು.

ನಾಲ್ಕು ಮಳೆಗಾಲದ ಥಂಡಿಗೆ ಮರ ಉಬ್ಬಿರಬೇಕು ಎಂದುಕೊಂಡರು. ಉಬ್ಬಿದ ಮರ ದಪ್ಪಗಾಗುತ್ತದೆ, ಉದ್ದವಾಗುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ಎರಡನ್ನೂ ನೆಲದ ಮೇಲೆ ಮಲಗಿಸಿ ತಲೆಗೆ ತಲೆ ಸೇರಿಸಿದರು. ಗೆರೆಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಕೂಡಿದವು, ಮೇಲಿನಿಂದ ಕೆಳಗಿನ ಲಾಭದ ಗೆರೆಯವರೆಗೆ. ಬುಡ ಮಾತ್ರ ಕೂಡಲಿಲ್ಲ. ಕೆಂಪು ಕೋಲಿನ ಬುಡ ನುಣ್ಣಗೆ ಗುಂಡಗಾಗಿತ್ತು, ಮಗುವಿನ ಹಿಮ್ಮಡಿಯ ಹಾಗೆ. ಎಷ್ಟು ಕಡಿಮೆ ಎಂದು ತೋರುಬೆರಳನ್ನು ಅಡ್ಡ ಇಟ್ಟರು. ಸರಿಯಾಗಿ ಒಂದು ಬೆರಳು.

ಎರಡೂ ಕೋಲು ಹಿಡಿದು ಮಳೆಯಲ್ಲೇ ಅಣ್ಣ ಬೋಟಿಗೆ ಹೋದರು. ಆ ದಿನ ಖಾಲಿಯಾಗಿದ್ದ ಟಾಂಕಿಗೆ ತುಕ್ಕು ಹಿಡಿಯದಿರಲಿ ಎಂದು ವಿಠಲಣ್ಣ ಸ್ವಲ್ಪ ಡೀಸೆಲ್ ಹಾಕಿಸಿದ್ದರು. ಕೆಂಪು ಕೋಲು ಐದು ಎಂದಿತು. ಅದೇ ಡೀಸೆಲಿಗೆ ಹಸಿರು ಕೋಲು ನಾಲ್ಕು ಎಂದಿತು. ಮತ್ತೊಮ್ಮೆ ಇಳಿಸಿದರು. ಐದು. ನಾಲ್ಕು. ಬುಡ ಗಿಡ್ಡವಾದಷ್ಟು ಗೆರೆಗಳೆಲ್ಲ ಕೆಳಗಿಳಿದಿದ್ದವು. ಕೋಲು ದಿನವೂ ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತಾ ಬಂದಿತ್ತು. ಮೇ ತಿಂಗಳಲ್ಲಿ ಇದ್ದದ್ದು ಎಂಟಲ್ಲ, ಏಳು ಗೆರೆ. ಒಂದು ಗೆರೆ, ಎರಡು ಕ್ಯಾನು.

ಬೋಟಿನ ಹಲಗೆಯ ಮೇಲೆ ಅವರು ಬಹಳ ಹೊತ್ತು ಕುಳಿತರು. ಯಾರೂ ಕೋಲನ್ನು ಕದ್ದಿರಲಿಲ್ಲ, ಮುರಿದಿರಲಿಲ್ಲ. ಒಂಬತ್ತು ವರ್ಷ ಪ್ರತಿ ಬೆಳಿಗ್ಗೆ ಕಲ್ಲಿಗೆ ಉಜ್ಜಿದವರು ಅವರೇ. ಕುಟ್ಟಿದವರು ಅವರೇ. ಬೋಟು ಇಲ್ಲದ ದಿನವೂ ಬಿಡದೆ ಮಾಡಿದ್ದು ಅವರೇ. ಮಡ್ಡಿಯ ಕೋಲನ್ನು ಅನ್ನ ಕೊಡುವ ಟಾಂಕಿಗೆ ಇಳಿಸಬಾರದೆಂದು ಮಾಡಿದ ಕೆಲಸ ಅದು.

ಅಂದು ಅವರು ಚಹಾ ಕುಡಿಯಲಿಲ್ಲ. ವಿಠಲಣ್ಣನ ಮನೆಗೂ ಹೋಗಲಿಲ್ಲ. ಪೆಟ್ಟು ಬಿದ್ದವನಿಗೆ ಮೊದಲು ತಿಳಿಯಬೇಕು ಎಂದು ಎರಡು ಕೋಲನ್ನೂ ಒಟ್ಟಿಗೆ ಕಟ್ಟಿ, ಉಡುಪಿಗೆ ಹೋಗಿ ಕಾಪುವಿನ ಬಸ್ಸು ಹತ್ತಿದರು.

"ಏನಜ್ಜ, ಜೋಡಿ ಕೋಲು? ಎಲ್ಲಿಯಾದರೂ ಕೋಲಾಟ ಉಂಟಾ?" ಎಂದ ಕಂಡಕ್ಟರ್.

ಮಲ್ಲಿನಾಥ ಚಿಲ್ಲರೆ ಎಣಿಸಿ ಕೊಟ್ಟರು. "ಕೋಲಿಗೆ ಟಿಕೆಟ್ ಬೇಡ, ಆದರೆ ಯಾರ ಕಣ್ಣಿಗೂ ಚುಚ್ಚಬೇಡಿ," ಎಂದು ಅವನೇ ಅದನ್ನು ತೆಗೆದುಕೊಂಡು ಡ್ರೈವರನ ಸೀಟಿನ ಹಿಂದೆ ನಿಲ್ಲಿಸಿದ.

ಕಾಪುವಿನಲ್ಲಿ ಕೇಳಿಕೊಂಡು ಹೋದಾಗ ಲಿಗೋರಿಯ ತಾಯಿ ಅಂಗಳದ ಪಾಚಿಯನ್ನು ಗುಡಿಸುತ್ತಿದ್ದರು. ಹಣೆಯ ವಿಭೂತಿ ನೋಡಿಯೇ ಗುರುತು ಹಿಡಿದರು.

"ನೀವು ಕೋಲಿನ ಮಲ್ಲಣ್ಣ ಅಲ್ವಾ? ಬನ್ನಿ ಬನ್ನಿ. ಈ ವರ್ಷದ ಉಪ್ಪಿನಕಾಯಿ ನಿಮಗೆ ಅಂತ ಬೇರೆ ತೆಗೆದಿಟ್ಟಿದ್ದೇನೆ, ಆ ಲಿಗೋರಿ ಕೊಂಡೋಗುವುದೇ ಇಲ್ಲ."

"ಲಿಗೋರಿ ಮನೆಯಾಗ ಇದ್ದಾನೇನ್ರಿ?"

"ಕಾರ್ಕಳದಲ್ಲಿ, ಕಲ್ಲಿನ ಕೆಲಸಕ್ಕೆ. ವಾರಕ್ಕೊಮ್ಮೆ ಬರ್ತಾನೆ. ಬೆನ್ನು ನೋವಂತೆ, ಇನ್ನು ಕಡಲು ಆಗುವುದಿಲ್ಲವಂತೆ. ನಂಗೆ ನಂಬಿಕೆ ಬರುವುದಿಲ್ಲ. ಕಲ್ಲು ಎತ್ತುವ ಬೆನ್ನಿಗೆ ಕಡಲು ಯಾಕೆ ಆಗುವುದಿಲ್ಲ? ನಿಮ್ಮ ಹತ್ತಿರ ಏನಾದರೂ ಹೇಳಿದ್ದಾನಾ?"

ಆ ತಾಯಿಗೆ ಏನೂ ಗೊತ್ತಿರಲಿಲ್ಲ. ಮಗ ಹೇಳಿರಲಿಲ್ಲ, ಕಳ್ಳನೆಂದು ಕರೆದದ್ದನ್ನೂ, ಕರೆಸಿದವರು ಯಾರೆಂಬುದನ್ನೂ. ಅವರು ಬೆಲ್ಲ ನೀರು ತಂದಿಟ್ಟರು. ಮಲ್ಲಿನಾಥ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಕುಡಿಯಲಿಲ್ಲ. "ಅವನನ್ನ ನೋಡಿ ಬರ್ತೀನ್ರಿ ಅವ್ವಾ," ಎಂದು ಎದ್ದರು.

ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದರು. ಬೆಳ್ಮಣ್ ದಾಟಿ ನಿಟ್ಟೆ ಬಂತು. ಅವರು ಇಟ್ಟಿಗೆ ಹೊತ್ತಿದ್ದ ಹಾಸ್ಟೆಲಿನ ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಆ ಕಾಲದಲ್ಲಿ ಅದರ ಹಿಂದೆ ಅವರಿದ್ದ ತಗಡಿನ ಶೆಡ್ಡು ಇತ್ತು. ಊರಿನಿಂದ ಬಂದ ಜೋಳವನ್ನು ರತ್ನವ್ವ ಹಿತ್ತಾಳೆಯ ಪಾವಿನಲ್ಲಿ ಅಳೆಯುತ್ತಿದ್ದಳು. ತುಂಬಿದ ಮೇಲೆ ನೆಲಕ್ಕೆ ಮೂರು ಸಲ ಕುಟ್ಟುತ್ತಿದ್ದಳು. ಯಾಕೆಂದು ಕೇಳಿದರೆ, "ಕಾಳು ಕೂಡಬೇಕಲ್ಲ. ಕುಟ್ಟದಿದ್ರ ಮ್ಯಾಲೆ ತುಂಬಿದಂಗ ಕಾಣತೈತಿ, ಒಳಗ ಟೊಳ್ಳು," ಎನ್ನುತ್ತಿದ್ದಳು. ಅವಳು ಹೋದ ಮೇಲೆ ಕೋಲು ಕುಟ್ಟುವಾಗಲೆಲ್ಲ ಆ ಸದ್ದು ಅವರಿಗೆ ಜೊತೆಯಾಗಿತ್ತು. ಡೀಸೆಲಿಗೆ ಕುಟ್ಟುವ ಅಗತ್ಯವಿಲ್ಲ. ಅದು ಅವರಿಗೆ ಯಾವಾಗಲೂ ಗೊತ್ತಿತ್ತು.

ಕಾರ್ಕಳದ ಹೊರಗೆ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಲಿಗೋರಿ ತಲೆಯಿಂದ ಕಾಲಿನವರೆಗೆ ಬಿಳಿ ಧೂಳಾಗಿದ್ದ. ಇವರನ್ನು ಕಂಡು ಯಂತ್ರ ನಿಲ್ಲಿಸಿ, ಮೂಗಿನ ಬಟ್ಟೆ ಇಳಿಸಿದ. ಮಲ್ಲಿನಾಥ ಕೊಯ್ದ ಕಲ್ಲೊಂದರ ಮೇಲೆ ಎರಡು ಕೋಲನ್ನು ತಲೆಗೆ ತಲೆ ಸೇರಿಸಿ ಮಲಗಿಸಿದರು.

ಲಿಗೋರಿ ಬುಡ ನೋಡಿದ. ಜೇಬಿನಿಂದ ಸ್ಟೀಲಿನ ಸ್ಕೇಲು ತೆಗೆದು ಇಟ್ಟ. "ಇಪ್ಪತ್ತು ಮಿಲ್ಲಿಮೀಟರ್," ಎಂದ. ಗೆರೆಗಳ ನಡುವೆಯೂ ಸ್ಕೇಲಿಟ್ಟು ನೋಡಿ, "ಎರಡು ಕ್ಯಾನು," ಎಂದ.

"ನಾನ ಸವೆಸಿದ್ದು. ಕಲ್ಲಿಗೆ ತಿಕ್ಕಿ ತಿಕ್ಕಿ. ನಿನ್ನ ತಪ್ಪು ಏನೂ ಇಲ್ಲ."

"ನನ್ನ ತಪ್ಪಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು ಮಲ್ಲಣ್ಣ."

ಅವನು ಬಟ್ಟೆಯನ್ನು ಮೂಗಿಗೇರಿಸಿ ಯಂತ್ರ ಚಾಲೂ ಮಾಡಿದ. ಅರ್ಧ ಕೊಯ್ದಿದ್ದ ಕಲ್ಲನ್ನು ಪೂರ್ತಿ ಕೊಯ್ದ. ಮಲ್ಲಿನಾಥ ಆ ಸದ್ದಿನಲ್ಲಿ, ಧೂಳಿನಲ್ಲಿ ನಿಂತೇ ಇದ್ದರು. ಕಲ್ಲು ಎರಡಾದ ಮೇಲೆ ಲಿಗೋರಿ ಕೈ ತೊಳೆದು, ಎದುರಿನ ಗೂಡಂಗಡಿಯಿಂದ ಎರಡು ಚಹಾ ತಂದ. ಮಲ್ಲಿನಾಥರಿಗೆ ಅದು ಆ ದಿನದ ಮೊದಲ ಚಹಾ.

"ಒಂದು ಮಾತು ಕೇಳ್ತೇನೆ," ಎಂದ. "ಅವತ್ತು ವಿಠಲಣ್ಣ ಕೇಳಿದ್ದು ಕೋಲನ್ನಲ್ಲ. ನಿಮ್ಮನ್ನು. ಲಿಗೋರಿ ಅಂಥವನಲ್ಲ ಅಂತ ಒಂದು ಮಾತು ಬರಲಿಲ್ವಾ ನಿಮಗೆ?"

ಮಲ್ಲಿನಾಥ ಲೋಟವನ್ನು ಕಲ್ಲಿನ ಮೇಲಿಟ್ಟರು. "ಬರಲಿಲ್ಲ. ಆ ಹೊತ್ತಿಗೆ ನನ್ನ ಕೋಲು ಉಳಿದರ ಸಾಕು ಅನಿಸ್ತು. ನನ್ನ ಹತ್ರ ಇದ್ದದ್ದು ಅದೊಂದ."

ಲಿಗೋರಿ ರಸ್ತೆಯ ಕಡೆ ನೋಡುತ್ತಾ ಚಹಾ ಮುಗಿಸಿದ. ಆಮೇಲೆ ಸವೆದ ಕೋಲನ್ನು ಎತ್ತಿಕೊಂಡು ಅದರ ಬುಡವನ್ನು ಹೆಬ್ಬೆರಳಿನಿಂದ ಸವರಿದ. ಅವನ ಮುಖ ನಿಧಾನವಾಗಿ ಸಡಿಲವಾಯಿತು.

"ದಿನಾ ಮೂರು ಸಲ ಕುಟ್ಟಿ ಕುಟ್ಟಿ... ಎಂತ ಜನ ಮಾರಾಯ್ರೆ ನೀವು! ನಿಮ್ಮ ಶಿವ ಸಹ ಸಾಕು ನಿಲ್ಲಿಸು ಅಂತ ಹೇಳಲಿಲ್ವಾ?"

"ಹೇಳಿದ್ರೂ ನನಗ ಕೇಳ್ತಿರಲಿಲ್ಲ. ಕುಟ್ಟೋ ಸದ್ದು ಇತ್ತಲ್ಲ."

ಇಬ್ಬರೂ ಸ್ವಲ್ಪ ನಕ್ಕರು. ನಗು ನಿಂತ ಮೇಲೆ ಲಿಗೋರಿ ಹತ್ತಿರ ಸರಿದು ಕುಳಿತ.

"ಯಾರಿಗೆಲ್ಲ ಹೇಳಿದ್ದೀರಿ?"

"ನಿನಗ ಮೊದಲು. ನಾಳೆ ಭಾನುವಾರ, ದಕ್ಕೆಯಾಗ ಎಲ್ಲರೂ ಸೇರ್ತಾರ. ಅಲ್ಲಿ ಹೇಳ್ತೀನಿ."

"ಹೇಳಿದರೆ ಏನಾಗ್ತದೆ ಗೊತ್ತುಂಟಾ? ಹನ್ನೊಂದು ಬೋಟಿನವರೂ ತಮ್ಮ ತಮ್ಮ ಕೋಲು ತೆಗೆದು ಅಳೆದು ನೋಡ್ತಾರೆ. ಎಲ್ಲದರ ಬುಡವೂ ಸ್ವಲ್ಪ ಸ್ವಲ್ಪ ಹೋಗಿರ್ತದೆ. ಹಿಂದಿನ ಹತ್ತು ವರ್ಷದ ಜಗಳಗಳನ್ನೆಲ್ಲ ತಂದು ನಿಮ್ಮ ಬಾಗಿಲಿಗೆ ಹಾಕ್ತಾರೆ. ಆಮೇಲೆ ಕೋಲು ಯಾರು ಕೊಡ್ತಾರೆ ನಿಮಗೆ? ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗ್ತೀರಿ? ಊರಲ್ಲಿ ಯಾರಿದ್ದಾರೆ?"

ಮಲ್ಲಿನಾಥ ತಲೆಯಾಡಿಸಿದರು. ಬಸ್ಸಿನಲ್ಲಿ ಅವರೂ ಇದನ್ನೇ ಎಣಿಸಿದ್ದರು. ಊರಲ್ಲಿ ಯಾರೂ ಇರಲಿಲ್ಲ.

"ನಾನೊಂದು ದಾರಿ ಹೇಳ್ತೇನೆ, ಕೇಳಿ," ಎಂದ ಲಿಗೋರಿ. ಅವನ ದನಿ ಮೊದಲಿನ ಹಾಗಾಗಿತ್ತು, ಟಾರ್ಚ್ ಹಿಡಿದು ನಿಂತಾಗಿನ ದನಿ. "ಇವತ್ತೇ ನಾನು ವಿಠಲಣ್ಣನಿಗೆ ಫೋನ್ ಮಾಡ್ತೇನೆ. ಟಾಂಕಿಯ ತಳದಲ್ಲಿ ಸೂಜಿಯಷ್ಟು ತೂತು ಇತ್ತು, ಡೀಸೆಲ್ ಬೋಟಿನ ಅಡಿಗೆ ಸೋರಿ ಹೋಗಿದೆ, ಮಲ್ಲಣ್ಣ ಕಂಡುಹಿಡಿದರು ಅಂತ. ಸಯೀದ್ ನನ್ನ ದೋಸ್ತಿ. ನಾನು ಹೇಳಿದರೆ ಹೋಗಿ ಒಂದು ಚುಕ್ಕೆ ವೆಲ್ಡಿಂಗ್ ಇಡ್ತಾನೆ. ನನ್ನ ಹೆಸರೂ ಉಳೀತು, ನಿಮ್ಮ ಕೆಲಸವೂ ಉಳೀತು. ಕೋಲುಗಳನ್ನು ಈ ತಿಂಗಳು ಸದ್ದಿಲ್ಲದೆ ಹೊಸದು ಮಾಡಿ. ನಾನು ಮೊದಲಿನ ಹಾಗೆ ಉಪ್ಪಿನಕಾಯಿ ತರ್ತೇನೆ. ಯಾರಿಗೆ ಏನು ನಷ್ಟ ಇದರಲ್ಲಿ?"

ಮಲ್ಲಿನಾಥ ತಕ್ಷಣ ಬೇಡ ಎನ್ನಲಿಲ್ಲ. ಐಸ್ ಪ್ಲಾಂಟಿನ ಕಟ್ಟೆ, ಎರಡು ಬುತ್ತಿ, ದೂರದಿಂದ ಬರುವ "ಲಾಭ, ಎರಡು, ಮೂರು" ಎಂಬ ಕೂಗು, ಎಲ್ಲವೂ ಒಂದು ಹೌದು ಎನ್ನುವಷ್ಟು ಹತ್ತಿರದಲ್ಲಿದ್ದವು. ಪೆಟ್ಟು ತಿಂದವನೇ ಕೊಡುತ್ತಿದ್ದ. ಅವರು ಎರಡು ಕೋಲನ್ನೂ ಎಳೆದುಕೊಂಡು, ರತ್ನವ್ವ ಕಟ್ಟಿದ ಕೆಂಪು ಬಟ್ಟೆಯನ್ನು ಬಿಚ್ಚಿ, ಎರಡೂ ಸೇರುವ ಹಾಗೆ ಮತ್ತೆ ಸುತ್ತಿ ಗಂಟು ಹಾಕಿದರು. ಲಿಗೋರಿಯ ಧೂಳು ಹಿಡಿದ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು.

"ಬ್ಯಾಡ ಲಿಗೋರಿ," ಎಂದರು. "ಟಾಂಕಿ ಏನು ತಪ್ಪು ಮಾಡೈತಿ? ಅವತ್ತು ಮಾತಾಡದ ಕೋಲಿನ ಮ್ಯಾಲೆ ಎಲ್ಲಾ ಹಾಕಿ ನಾನು ಸುಮ್ಮನಾದೆ. ಇವತ್ತು ಮಾತಾಡದ ಟಾಂಕಿ ಮ್ಯಾಲೆ ಹಾಕೋದು ಬ್ಯಾಡಪ್ಪ. ನಾಳೆ ದಕ್ಕೆಯಾಗ ಇದನ್ನ ನಾನ ಹೇಳಬೇಕು."